ಗುಡ್ಡದ ದೇವರು ಕಳಿಸಿದ ಬೂಟು

ನಾನು ದೇವರ ಹತ್ತಿರ ಹೋದಾಗಲೆಲ್ಲ ಹೀಗೇ ಆಗುತ್ತದೆ. ಕೇಳುವುದೊಂದು, ಸಿಗುವುದಿನ್ನೊಂದು.

ಅಮೆರಿಕದ ಡಿಯರ್‌ಬಾರ್ನಿನ ನಮ್ಮ ಆಫೀಸಿನಲ್ಲಿ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ನನ್ನನ್ನೂ ಹುಬ್ಬಳ್ಳಿಯ ಸಹೋದ್ಯೋಗಿಯನ್ನೂ ಜಪಾನಿಗೆ ಕಳಿಸಿದರು. ನಾವು ಮಾಡುವ ಕೆಲಸವನ್ನು ಅಲ್ಲಿಯವರಿಗೆ ಕಲಿಸಿ ಬರಬೇಕಂತೆ. ನಮ್ಮ ತಿಥಿಗೆ ನಾವೇ ಅಡುಗೆ ಮಾಡಿದ ಹಾಗೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಫಾರ್ಮಿಂಗ್ಟನ್ ಹಿಲ್ಸಿನ ಮನೆಯೂ ಹೋಗುತ್ತದೆ. ಹೊರಡುವಾಗ ಮಗಳು, "ಆರ್ ವೀ ಮೂವಿಂಗ್, ಅಪ್ಪ?" ಎಂದಳು. "ಇಲ್ಲ ಪುಟ್ಟಿ" ಎಂದೆ. ನನಗೇ ಹೆದರಿಕೆಯಾಗಿತ್ತು.

೧. ನರಿಗಳು

ರಜೆಯ ದಿನ ಒಂದು ಗುಡ್ಡದ ಬುಡಕ್ಕೆ ಹೋದೆವು. ಮೇಲೆ ಸಿರಿ ಸಂಪತ್ತು ಕೊಡುವ ಶಿಂಟೋ ದೇವರ ಗುಡಿ. ಮೊದಲ ಕೆಂಪು ಕಮಾನಿನ ಆಚೆ ಈಚೆ ಕಲ್ಲಿನ ನರಿಗಳು.

"ದೇವ್ರ ಮುಂದ ನರಿ ಯಾಕ ಕುಂತಾವ್ರಿ?" ಎಂದ ಸಹೋದ್ಯೋಗಿ.

"ದೇವರ ದೂತರಂತೆ. ನಮ್ಮ ಅರ್ಜಿ ಮೇಲಕ್ಕೆ ಮುಟ್ಟಿಸೋದು ಇವ್ರೇ."

"ಮುಗೀತ್ ಬಿಡ್ರಿ. ಇಲ್ಲೂ ಮ್ಯಾನೇಜರ್‌ನ್ನ ದಾಟೇ ಹೋಗ್ಬೇಕು."

೨. ಬರಿಗಾಲು

ಅಲ್ಲೇ ನಾನು ಬೂಟು ಬಿಚ್ಚಿದೆ. ಗುಡಿಯೆಂದ ಮೇಲೆ ಪಾದರಕ್ಷೆ ಹೊರಗೆ, ಅದರಲ್ಲಿ ಯೋಚಿಸುವುದೇನಿದೆ? ಕಾಲುಚೀಲವನ್ನು ಬೂಟಿನೊಳಗಿಟ್ಟೆ. ದೇವರೆದುರು ಕಂಪನಿಯ ಕೊರಳಪಟ್ಟಿ ಬೇಡವೆಂದು ಬ್ಯಾಡ್ಜನ್ನೂ ಅದರಲ್ಲೇ ತುರುಕಿದೆ. ಸಹೋದ್ಯೋಗಿ ಯಾರನ್ನೂ ನಂಬುವವನಲ್ಲ, ತನ್ನ ಬೂಟನ್ನು ಬೆನ್ನಚೀಲಕ್ಕೆ ಹಾಕಿಕೊಂಡ.

ಉಳಿದವರೆಲ್ಲ ಬೂಟು ತೊಟ್ಟೇ ಹತ್ತುತ್ತಿದ್ದರು. ನಮ್ಮ ಕಾಲು ನೋಡಿ ದಾರಿ ಬಿಟ್ಟರು. ಯಾವುದೋ ಕಠಿಣ ಹರಕೆ ಎಂದುಕೊಂಡಿರಬೇಕು. ಅದೂ ಸುಳ್ಳಲ್ಲ. ಮೇಲೆ ಹೋಗಿ, ಕೆಲಸವೊಂದು ಉಳಿಸಪ್ಪಾ ಎಂದು ಬೇಡಿಕೊಂಡೆ. ಇಳಿದು ಬಂದರೆ ನನ್ನ ಬೂಟೇ ಇಲ್ಲ.

ಹೆಂಡತಿಗೆ ಫೋನ್ ಮಾಡಿದೆ. "ಗುಡೀಲಿ ಪಾದರಕ್ಷೆ ಹೋದ್ರೆ ಶನಿ ಬಿಟ್ಟ ಹಾಗೆ ರೀ! ಹುಡುಕೋಕೆ ಮಾತ್ರ ಹೋಗ್ಬೇಡಿ!" ಎಂದಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು.

ಸಹೋದ್ಯೋಗಿಯ ಮುಖ ಬಾಡಿತು. "ನಾ ನೋಡ್ರಿ, ಶನಿನ್ನ ಬೆನ್ನಿಗೆ ಕಟ್ಕೊಂಡು ಗುಡ್ಡ ಹತ್ತಿ ಇಳಿದೆ!"

೩. ಪಾರ್ಸೆಲ್

ಅಮೆರಿಕಕ್ಕೆ ಮರಳಿ ಬಂದು ಒಂದು ವಾರ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಸೋಮವಾರ ಮ್ಯಾನೇಜರ್ ಕರೆದು, ತುಂಬಾ ವಿಷಾದ ಎಂದರು. ಮಗಳ ಪ್ರಶ್ನೆ ನೆನಪಾಯಿತು.

"ನಿಮ್ಮ ಬ್ಯಾಡ್ಜ್ ಕೊಡಿ."

"ಜಪಾನಿನಲ್ಲಿ ಕಳೆದುಹೋಯಿತು," ಎಂದೆ. ಅದೊಂದಾದರೂ ಇವರ ಕೈಗೆ ಸಿಗದಲ್ಲ ಎಂದು ಸಣ್ಣ ಸಮಾಧಾನ.

ಅಷ್ಟರಲ್ಲಿ ರಿಸೆಪ್ಷನಿಸ್ಟ್ ಒಂದು ಪಾರ್ಸೆಲ್ ತಂದಿಟ್ಟಳು. ಬ್ಯಾಡ್ಜಿನ ಮೇಲಿದ್ದ ವಿಳಾಸಕ್ಕೆ ಗುಡಿಯವರು ಕಳಿಸಿದ್ದರು. ಬೂಟಿಗೆ ಪಾಲಿಶ್ ಹಾಕಿ, ಬ್ಯಾಡ್ಜ್ ಒರೆಸಿ, ತಡವಾದದ್ದಕ್ಕೆ ಕ್ಷಮೆಯನ್ನೂ ಕೇಳಿದ್ದರು. ಮ್ಯಾನೇಜರ್ ಬ್ಯಾಡ್ಜ್ ಎತ್ತಿಕೊಂಡರು. ನಾನು ಬೂಟು ತೊಟ್ಟು ಮನೆಗೆ ಹೋದೆ.

ಬಾಗಿಲು ತೆಗೆದ ಹೆಂಡತಿ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಶನಿ ವಾಪಸ್ ಬಂದ್ನಾ?"

"ಬಂದ," ಎಂದೆ. "ಕಾಲುಚೀಲಾನೂ ಒಗೆದು ತಂದಿದಾನೆ."