ಹದ್ದಣ್ಣನಿಗೆ ಕಂಡ ಹಕ್ಕಿ

ಎಲ್ಲಾ ಶುರುವಾದದ್ದು "ಕಂಡಿತು" ಎಂಬ ಒಂದೇ ಒಂದು ಮಾತಿನಿಂದ.

ಹೋದ ವರ್ಷ ಕನ್ನಡಕದಂಗಡಿಯವನು ಮೊದಲ ಸಲ ಭಾನುವಾರದ ಹಕ್ಕಿ ನಡಿಗೆಗೆ ಹೋಗಿದ್ದ. ನಡಿಗೆಯ ಹಿರಿಯರಾದ ರಿಟೈರ್ಡ್ ಮೇಷ್ಟ್ರು ಒಂದು ಮರದ ಕಡೆ ಬೆರಳು ತೋರಿಸಿ, "ಅಗೋ ಅಲ್ಲಿ, ಕಂಡಿತೇನಪ್ಪಾ?" ಎಂದು ಕೇಳಿದರು. ಅವನು ಬೈನಾಕ್ಯುಲರ್ ಕಣ್ಣಿಗೇರಿಸಿ, ತಿರುಪು ತಿರುಗಿಸಿ, ಮಂಜು ಮಂಜಾದದ್ದು ತಿಳಿಯಾಗುವಷ್ಟರಲ್ಲಿ ಉಳಿದದ್ದು ಅಲುಗಾಡುತ್ತಿದ್ದ ಕೊಂಬೆ ಮಾತ್ರ. ಆದರೆ ಕೇಳಿದವರು ಮೂರನೇ ತರಗತಿಯಲ್ಲಿ ಅವನ ಕಿವಿ ಹಿಂಡಿದ್ದ ಮೇಷ್ಟ್ರು. "ಕಂಡಿತು ಸಾರ್" ಎಂದುಬಿಟ್ಟ. "ಭೇಷ್!" ಎಂದರು ಮೇಷ್ಟ್ರು. ಶಾಲೆಯಲ್ಲಿ ಒಂದು ದಿನವೂ ಸಿಗದಿದ್ದ ಆ ಭೇಷ್ ನಲವತ್ತಾರನೇ ವಯಸ್ಸಿಗೆ ಸಿಕ್ಕಿದ್ದೇ ತಡ, ಅವನು ಬೆಣ್ಣೆಯ ಹಾಗೆ ಕರಗಿಹೋದ.

ಆಮೇಲೆ ಬಿಡುವ ಮಾತೆಲ್ಲಿ? ನಡಿಗೆಗೆ ಮೇಷ್ಟ್ರು ಮಾಡಿದ್ದು ಒಂದೇ ಕಾನೂನು: ಇಬ್ಬರು ಕಂಡರೆ ಮಾತ್ರ ಹಕ್ಕಿ ಪುಸ್ತಕಕ್ಕೆ. ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ನಡೆಯುವರು, ಥಟ್ಟನೆ ನಿಂತು ಒಂದು ಕ್ಷಣ ಕಣ್ಣು ಮುಚ್ಚುವರು, ಮತ್ತೆ ತೆರೆದು ಬೆರಳು ತೋರಿಸುವರು. ಇವನು "ಕಂಡಿತು" ಎನ್ನುವನು. ಅಂಚೆ ಕಚೇರಿಯ ಅಕ್ಕ ರಿಜಿಸ್ಟರ್ ಕಾಗದ ದಾಖಲಿಸುವಷ್ಟೇ ಗಂಭೀರವಾಗಿ ಪುಸ್ತಕದಲ್ಲಿ ಬರೆಯುವಳು. ಹೀಗೆ ನೂರ ಹನ್ನೆರಡು ಹಕ್ಕಿ ಸೇರಿದವು. ಜೊತೆಯವರು ಅವನಿಗೆ ಹದ್ದಣ್ಣ ಎಂದು ಹೆಸರಿಟ್ಟರು. ನಿಜ ಹೇಳಬೇಕೆಂದರೆ ಹದ್ದಣ್ಣ ಕಂಡದ್ದು ನೂರ ಹನ್ನೆರಡು ಖಾಲಿ ಕೊಂಬೆಗಳನ್ನು. ಆ ವಿಷಯದಲ್ಲಿ ಅವನಷ್ಟು ತಿಳಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

"ಇವತ್ತು ಮೇಷ್ಟ್ರಿಗೆ ನಿಜ ಹೇಳಿಬಿಡ್ತೀನಿ ಕಣೆ" ಎಂದ ಈ ಭಾನುವಾರ ಬೆಳಗ್ಗೆ, ಬೂಟಿನ ದಾರ ಕಟ್ಟುತ್ತಾ.

"ಹೇಳಿ, ಧಾರಾಳವಾಗಿ ಹೇಳಿ" ಎಂದಳು ಹೆಂಡತಿ. "ಮರದ ಮೇಲಿನ ಹಕ್ಕಿ ಕಾಣದವನ ಹತ್ರ ಕಣ್ಣು ತೋರಿಸ್ಕೊಳ್ಳೋಕೆ ನಾಳೆಯಿಂದ ಯಾರು ಬರ್ತಾರೋ ನೋಡೋಣ."

ಹದ್ದಣ್ಣನಿಗೆ ಅಂಗಡಿಯ ಚಿಂತೆ ಅಷ್ಟಿರಲಿಲ್ಲ. ನಿಜ ಹೇಳಿದರೆ ಹೆಗಲ ಮೇಲಿನ ಆ ಕೈ ಜಾರಿಹೋದೀತು, ಭೇಷ್ ನಿಂತುಹೋದೀತು ಎಂಬುದೇ ಅವನ ಹೆದರಿಕೆ.

ಕೆರೆಗೆ ಹೋಗುವ ದಾರಿಯಲ್ಲಿ ದೊಡ್ಡ ಮರದ ಕೆಳಗೆ ಮೇಷ್ಟ್ರು ನಿಂತರು, ಕಣ್ಣು ಮುಚ್ಚಿದರು. ಮೇಲಿಂದ "ಕುಟ್ರೂ, ಕುಟ್ರೂ" ಎಂದು ಕೇಳುತ್ತಿತ್ತು.

"ಕುಟ್ರು ಹಕ್ಕಿ. ಎಲೆಯಂಥದೇ ಹಸಿರು, ಹುಡುಕೋದು ಕಷ್ಟ. ಅಲ್ಲಿ, ಎಡಗಡೆ ಕೊಂಬೆ. ಕಂಡಿತಾ?"

"ಕಂಡಿತು ಸಾರ್" ಎಂದ ಹದ್ದಣ್ಣ. ನಾಲಿಗೆಗೆ ಅಭ್ಯಾಸವಾಗಿತ್ತು.

ಬೇರೆ ದಿನವಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಇವತ್ತು ಅಂಚೆ ಅಕ್ಕ ಪೆನ್ನು ಮುಚ್ಚಿ, "ನಂಗೊಂದು ಸಲನಾದ್ರೂ ತೋರಿಸಿ ಹದ್ದಣ್ಣ. ಬರೀ ಬರೆದು ಬರೆದು ಸಾಕಾಯ್ತು" ಎಂದಳು.

ಹದ್ದಣ್ಣ ಗಾಬರಿಯಿಂದ ಮೇಲೆ ನೋಡಿದ. ದೇವರು ದೊಡ್ಡವನು, ಎಲೆಗಳ ನಡುವೆ ಮುಷ್ಟಿಯಷ್ಟು ದಪ್ಪದ್ದು ಏನೋ ಹಸಿರಾಗಿ ಕಾಣಿಸಿತು. "ಅಗೋ, ಅದೇ!"

"ಅಯ್ಯೋ, ಹೌದಲ್ಲ! ಎಷ್ಟು ಮುದ್ದಾಗಿದೆ!" ಅಂಚೆ ಅಕ್ಕನ ಕಣ್ಣಲ್ಲಿ ನೀರೇ ಬಂತು.

ನಡಿಗೆಯ ನಾಲ್ಕನೆಯವನಾದ ಬೇಕರಿಯವನು ಮಾತ್ರ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಒಲೆಯಲ್ಲಿಟ್ಟ ಬ್ರೆಡ್ಡನ್ನು ನೋಡುವಂತೆ ಹತ್ತು ನಿಮಿಷ ಅದನ್ನೇ ದಿಟ್ಟಿಸಿದ. "ಅಲ್ಲಾಡ್ತಾನೇ ಇಲ್ವಲ್ಲ ಹದ್ದಣ್ಣ?"

"ಮೊಟ್ಟೆ ಮೇಲೆ ಕೂತಿದೆ ಮಾರಾಯ."

"ಕುಟ್ರು ಪೊಟರೇಲಿ ಮೊಟ್ಟೆ ಇಡುತ್ತೆ ಅಂತ ಮೇಷ್ಟ್ರು ಹೋದ ವಾರ ಹೇಳಿದ್ರಲ್ಲ?"

"ಹಾಗಿದ್ರೆ... ಸುಸ್ತಾಗಿರ್ಬೇಕು."

ಅಷ್ಟು ಸಾಕಾಯಿತು ಅಂಚೆ ಅಕ್ಕನಿಗೆ. "ಸುಸ್ತಲ್ಲ, ಪಾಪ, ಗಾಯ ಆಗಿದೆ! ಆಗ್ಲಿಂದ ನೋಡ್ತಿದೀನಿ, ಕತ್ತು ಕೂಡ ಎತ್ತಿಲ್ಲ. ಇಷ್ಟು ಜನ ಇದ್ದು ಸುಮ್ನೆ ನೋಡ್ತಾ ನಿಲ್ಲೋದಾ? ಯಾರಾದ್ರೂ ಮರ ಹತ್ತಿ!"

ಬೇಡ ಬೇಡ ಎಂದು ಹದ್ದಣ್ಣ ಗೋಗರೆದ. ಹಕ್ಕಿ ಕಚ್ಚುತ್ತೆ ಎಂದ, ಕೊಂಬೆ ಮುರಿಯುತ್ತೆ ಎಂದ, ಕೊನೆಗೆ ತನ್ನ ಸೊಂಟ ನೋಯುತ್ತಿದೆ ಎಂದೂ ಹೇಳಿ ನೋಡಿದ. ಬೇಕರಿಯವನು ಟವೆಲ್ಲನ್ನು ಕತ್ತಿಗೆ ಸುತ್ತಿಕೊಂಡು ಹತ್ತಿಯೇಬಿಟ್ಟ. ಆಮೇಲೆ ನಗು ಮೊದಲು ಇಳಿಯಿತು, ಅದರ ಹಿಂದೆ ಅವನು. ಕೈಯಲ್ಲಿ ಯಾರೋ ಬಟ್ಟೆ ಒಣಹಾಕಿದ ದಾರದಿಂದ ಗಾಳಿಗೆ ಹಾರಿಬಂದಿದ್ದ ಒಂದು ಹಸಿರು ಕಾಲುಚೀಲವಿತ್ತು. ಹೆಬ್ಬೆರಳಿನ ಕಡೆ ತೂತು.

"ಮೇಷ್ಟ್ರೇ, ಪೊಟರೆ ಇದೆ, ಹಕ್ಕಿ ಮಾತ್ರ ಇಲ್ಲ!"

ಅಂಚೆ ಅಕ್ಕ ಕಣ್ಣೊರೆಸಿಕೊಂಡಿದ್ದ ಕರ್ಚೀಪನ್ನು ಸರಕ್ಕನೆ ಮಡಿಚಿಟ್ಟಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಹದ್ದಣ್ಣನಿಗೆ.

"ಸುಮ್ಮನಿರ್ರಯ್ಯಾ" ಎಂದರು ಮೇಷ್ಟ್ರು. "ಕುಟ್ರು ಆಗಲೇ ಕೆರೆ ಕಡೆ ಮರಕ್ಕೆ ಹಾರಿದೆ. ನೀವು ಮುಂದೆ ಹೋಗಿ, ನಾವು ನಿಧಾನವಾಗಿ ಬರ್ತೀವಿ."

ಇಬ್ಬರೂ ಹೊರಟುಹೋದರು. ದಾರಿಬದಿಯ ಕಲ್ಲುಬೆಂಚಿನ ಮೇಲೆ ಮೇಷ್ಟ್ರ ಪಕ್ಕ ಹದ್ದಣ್ಣ ಕೂತ. ತನ್ನ ಮಾನ ಉಳಿಸಿದವರಿಗೆ ಇನ್ನೂ ಸುಳ್ಳು ಹೇಳುವುದು ಅವನಿಂದಾಗಲಿಲ್ಲ.

"ಸಾರ್, ಒಂದೂ ಕಂಡಿಲ್ಲ. ಈ ಒಂದು ವರ್ಷದಲ್ಲಿ ನಾನು ಒಂದು ಹಕ್ಕೀನೂ ನೋಡಿಲ್ಲ. ನೀವು ಭೇಷ್ ಅಂತೀರಲ್ಲ, ಅದರ ಆಸೆಗೆ..."

ಮೇಷ್ಟ್ರು ಎರಡೂ ಕಣ್ಣು ಉಜ್ಜಿಕೊಂಡರು. ಆಮೇಲೆ, "ನಾನೂ ನೋಡಿಲ್ಲ ಕಣೋ" ಎಂದರು.

"ಸಾರ್?"

"ಎರಡು ವರ್ಷದಿಂದ ಎರಡು ಕಣ್ಣಿಗೂ ಪೊರೆ. ಎದುರಿಗಿರೋದು ಮರವೋ ಮನುಷ್ಯನೋ ಅನ್ನೋದಷ್ಟೇ ಗೊತ್ತಾಗೋದು. ಕೂಗು ಕೇಳಿ ಬೆರಳು ತೋರಿಸ್ತೀನಿ. ನೀನು ಕಂಡಿತು ಅಂದಾಗ, ಸದ್ಯ, ನನ್ನ ಕಿವಿ ತಪ್ಪಿಲ್ಲ ಅಂತ ಧೈರ್ಯ ಬರೋದು. ನಿನ್ನ ಹೆಗಲು ಯಾಕೆ ಹಿಡಿದುಕೊಳ್ತೀನಿ ಅಂದುಕೊಂಡೆ? ದಾರಿ ಕಾಣಲ್ಲ, ಅದಕ್ಕೆ."

ಹದ್ದಣ್ಣ ತಬ್ಬಿಬ್ಬಾದ. "ಅದು ಹೇಗೆ ಸಾರ್? ಹೋದ ತಿಂಗಳು ನನ್ನ ಅಂಗಡೀಲಿ ಅಕ್ಷರದ ಹಲಗೆ ಕೊನೇ ಸಾಲಿನವರೆಗೂ ಓದಿದ್ರಲ್ಲ, ಒಂದೂ ತಪ್ಪಿಲ್ಲದೆ!"

"ಅಂಗಡಿ ಇಟ್ಟ ಹನ್ನೊಂದು ವರ್ಷದಲ್ಲಿ ಆ ಹಲಗೆ ಒಂದು ಸಲ ಬದಲಾಯಿಸಿದ್ದೀಯೇನೋ ದಡ್ಡ? ಬಾಯಿಪಾಠ ನನ್ನ ಕಸುಬು ಕಣೋ."

ಆ ದಿನ ತಾನು "ಈ ವಯಸ್ಸಿಗೆ ಎಂಥಾ ಕಣ್ಣು ಸಾರ್!" ಎಂದು ಕೊಂಡಾಡಿದ್ದು ನೆನಪಾಗಿ ಹದ್ದಣ್ಣನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಪೊರೆ ತೆಗೆಸಿದ್ರೆ ಸರಿಹೋಗುತ್ತೆ ಸಾರ್. ಯಾಕೆ ತೆಗೆಸಿಲ್ಲ?"

"ಹೆದರಿಕೆ" ಎಂದರು ಮೇಷ್ಟ್ರು, ಮೂರನೇ ತರಗತಿಯ ಹುಡುಗನಷ್ಟು ಸಣ್ಣ ದನಿಯಲ್ಲಿ.

"ನಾನು ಜೊತೆಗೆ ಬರ್ತೀನಿ. ನಾಳೇನೇ ಹೋಗೋಣ" ಎಂದು ಹದ್ದಣ್ಣ ಅವರ ಕೈ ಹಿಡಿದುಕೊಂಡ. ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಮೇಷ್ಟ್ರುತನ ಮರಳಿ ಬಂತು. "ಆದ್ರೆ ಸುಳ್ಳು ಸುಳ್ಳೇ. ನಾನು ಒಂದನ್ನೂ ಕೂಗು ಕೇಳದೆ ಬರೆಸಿಲ್ಲ. ನೀನು ನೋಡದೆ ಸಾಕ್ಷಿ ಹೇಳಿದ್ದೀಯ. ಇಂಪೊಸಿಷನ್! ನೂರ ಹನ್ನೆರಡನ್ನೂ ಈಗ ನಿಜವಾಗಿ ನೋಡಬೇಕು."

ಕೆರೆಯ ದಂಡೆಯಲ್ಲಿ ಮೇಷ್ಟ್ರು ಎಲ್ಲರನ್ನೂ ಹತ್ತಿರ ಕರೆದರು. "ನಾನು ಕಣ್ಣಿನ ಆಪರೇಷನ್ ಮಾಡಿಸ್ಕೊಳ್ತಿದೀನಿ. ನಾನು ಬರೋವರೆಗೂ ನಡಿಗೆ ಹದ್ದಣ್ಣನದು" ಎಂದು ತಮ್ಮ ಹಳೇ ಬೈನಾಕ್ಯುಲರನ್ನು ಅವನ ಕೊರಳಿಗೆ ಹಾಕಿದರು. ಅಂಚೆ ಅಕ್ಕ ಮುನಿಸು ಮರೆತು ಚಪ್ಪಾಳೆ ತಟ್ಟಿದಳು. ಬೇಕರಿಯವನು ಕಾಲುಚೀಲವನ್ನೇ ಬಾವುಟದಂತೆ ಬೀಸಿದ. ಎಲ್ಲರೂ ಕೆರೆಗೆ ಬೆನ್ನು ಮಾಡಿ ಅವನನ್ನೇ ನೋಡುತ್ತಿದ್ದರು.

ಆಗ ಅದು ಬಂತು. ಅವರ ಬೆನ್ನ ಹಿಂದೆ, ನೀರಂಚಿನ ಗೂಟದ ಮೇಲೆ, ಹತ್ತೇ ಮಾರು ದೂರದಲ್ಲಿ ಬಂದು ಕೂತಿತು. ಬೈನಾಕ್ಯುಲರೂ ಬೇಕಿರಲಿಲ್ಲ. ಹೊಳೆಯುವ ನೀಲಿ ಬೆನ್ನು, ಇಟ್ಟಿಗೆ ಬಣ್ಣದ ಎದೆ, ಮೈಗಿಂತ ದೊಡ್ಡದೇನೋ ಅನ್ನಿಸುವ ಕೊಕ್ಕು. ಮಿಂಚುಳ್ಳಿ! ತಲೆ ಓರೆ ಮಾಡಿ ಅದೂ ಹದ್ದಣ್ಣನನ್ನು ನೋಡಿತು. ಇಷ್ಟು ಚಂದದ್ದು ಇಷ್ಟು ದಿನವೂ ಇಲ್ಲೇ ಇತ್ತಲ್ಲ ಎಂದು ಅವನ ಎದೆ ತುಂಬಿಬಂತು.

"ಕಂಡಿತು!" ಎಂದು ಕೂಗಿದ. "ಅಲ್ಲಿ! ಮಿಂಚುಳ್ಳಿ! ನಿಜವಾಗ್ಲೂ ಕಂಡಿತು!"

ಎಲ್ಲರೂ ತಿರುಗಿದರು. ಗೂಟ ಖಾಲಿಯಿತ್ತು.

"ಒಂಟಿಯಾ ಹದ್ದಣ್ಣ, ಜೋಡೀನಾ?" ಎಂದ ಬೇಕರಿಯವನು, ಕಾಲುಚೀಲ ಎತ್ತಿ ಹಿಡಿದು.

"ಇಬ್ಬರು ಕಂಡರೆ ಮಾತ್ರ ಬರೆಯೋದು" ಎಂದು ಅಂಚೆ ಅಕ್ಕ ಪುಸ್ತಕ ಮುಚ್ಚಿದಳು.

ಹದ್ದಣ್ಣ ಅಳುಮುಖದಿಂದ ಮೇಷ್ಟ್ರ ಕಡೆ ತಿರುಗಿದ. "ಸಾರ್, ನೀವಾದ್ರೂ ಹೇಳಿ!"

ಮೇಷ್ಟ್ರು ಕಣ್ಣು ಮುಚ್ಚಿ ಗಮನವಿಟ್ಟು ಕೇಳಿದರು. ಆಮೇಲೆ ಅವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟರು.

"ಅದು ಕೂಗಲಿಲ್ಲವಲ್ಲಪ್ಪಾ. ನೂರ ಹನ್ನೆರಡೂ ಬಾಕಿ ಇದೆ."