ರಾಮಲಿಂಗಯ್ಯನ ಲೇಹ್ಯ ಪರೀಕ್ಷೆ

ಅದು ಎರಡನೇ ಮಹಾಯುದ್ಧದ ಕಾಲ. ಕೆರಗೋಡಿನ ಮೊಟ್ಟಮೊದಲ ಬಿ.ಎ., ಸ್ಕೂಲ್ ಮೇಷ್ಟ್ರು ರಾಮಲಿಂಗಯ್ಯ, ಮದುವೆಯಾದ ಎರಡೇ ತಿಂಗಳಿಗೆ ಒಂದು ಮಹಾಸಂಕಲ್ಪ ಮಾಡಿದ. ಮನಸ್ಸಿಗೆ ಉಲ್ಲಾಸ, ಮೈಗೆ ಕಸುವು ಕೊಡುವುದು ಯಾವುದು? ಊರ ಪಂಡಿತ ಕೆಂಪಸಿದ್ದಯ್ಯ ಕುಟ್ಟಿ ಕಾಸುವ ಅಶ್ವಗಂಧ ಲೇಹ್ಯವೋ, ಮಂಡ್ಯದ ಅಂಗಡಿಯ ಬ್ರಾಹ್ಮಿ ಲೇಹ್ಯವೋ?

"ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದೊಂದು ತಿಂದು, ದಿನಾ ಬರೆದಿಡ್ತೀನಿ. ಇದು ಸೈನ್ಸು!" ಎಂದು ಚಾವಡಿಯಲ್ಲಿ ಸಾರಿದ.

ಎರಡು ತಿಂಗಳಿಗೆ ತೀರ್ಪು ಹೊರಬಿತ್ತು: ಅಶ್ವಗಂಧ ಶುದ್ಧ ದಂಡ! ಬಿ.ಎ. ಹೇಳಿದ ಮೇಲೆ ಕೇಳಬೇಕೆ? ಜನ ಪಂಡಿತನ ಡಬ್ಬಗಳನ್ನು ವಾಪಸು ತಂದು ಅವನ ಜಗಲಿಯ ಮೇಲಿಟ್ಟು ಹೋದರು.

ಮರುದಿನವೇ ಕೆಂಪಸಿದ್ದಯ್ಯ ಮೇಷ್ಟ್ರ ಮನೆಗೆ ಬಂದ. "ನಲವತ್ತು ವರ್ಸದ ಕೈ ಇದು ಮೇಷ್ಟ್ರೇ. ಎಲ್ಲಿ ತೆಪ್ಪಿದ್ದೀನಿ ಅಂತ ತೋರ್ಸ್‌ಬುಡಿ, ಒಲೆ ಆರಿಸ್ಬುಡ್ತೀನಿ."

ರಾಮಲಿಂಗಯ್ಯ ಗಂಟಲು ಸರಿಮಾಡಿಕೊಂಡು ನೋಟ್‌ಬುಕ್ ಬಿಚ್ಚಿದ. ಬೀದಿಯವರೂ ನೆರೆದರು.

"ಅಶ್ವಗಂಧ. ಅರ್ಧ ಮುದ್ದೆಯೂ ಸೇರಲಿಲ್ಲ. ನಿಟ್ಟುಸಿರು, ಹದಿನಾಲ್ಕು."

"ಅವ್ವಯ್ಯಾ, ಉಸ್ರೂ ಎಣಿಸವ್ನಲ್ಲಾ!" ಎಂದಳು ಎದುರುಮನೆಯ ಮುದುಕಿ ಪುಟ್ಟಮಾದಮ್ಮ, ರಾಗಿ ಕೇರುತ್ತಲೇ.

"ಬ್ರಾಹ್ಮಿ. ಎರಡು ಮುದ್ದೆ. ಯಾರೂ ಹೇಳದಿದ್ದರೂ ಬಾವಿಯಿಂದ ಎಂಟು ಕೊಡ ನೀರು ಸೇದಿದೆ. ಹಾಡಿದೆ."

ಮುದುಕಿಯ ಕೈಯ ಮೊರ ನಿಂತಿತು. "ತಡಿ ಮಗಾ. ಮೊದ್ಲು ತಿಂದದ್ದು ಯಾವ್ ತಿಂಗ್ಳು?"

"ಆಷಾಢ."

"ಆಮ್ಯಾಕೆ?"

"ಶ್ರಾವಣ."

"ಅಯ್ಯೋ ನಿನ್ ಓದ್ಗೆ! ಆಸಾಡ ಅಂತ ಒಸಾ ಎಂಡ್ತೀನ ಚಿಕ್ಕರಸಿನಕೆರೆಗೆ, ಅವ್ಳ ತವರಿಗೆ ನೀನೇ ಬಸ್ಸು ಅತ್ತಿಸ್ನಿಲ್ವೇನ್ಲಾ? ಸ್ರಾವಣಕ್ಕೆ ಬಂದ್ಲಲ್ವಾ?"

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು! ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ಚಿಕ್ಕನಂಜಮ್ಮನ ಬಳೆ ಸದ್ದು ಅಡುಗೆಮನೆಗೆ ಓಡಿತು. ನಗದವನು ಒಬ್ಬನೇ, ಪಂಡಿತ. ಬೇರು ಕುಟ್ಟಿ ಕುಟ್ಟಿ ಬಿರಿದಿದ್ದ ಅವನ ಅಂಗೈ ಕಂಡು ರಾಮಲಿಂಗಯ್ಯನ ತಲೆ ತಾನಾಗಿ ತಗ್ಗಿತು.

"ತಪ್ಪಾಯ್ತು ಪಂಡಿತರೇ. ಒಬ್ಬೊಬ್ಬರ ಮನೆಗೂ ನಾನೇ ಡಬ್ಬ ಹೊತ್ಕೊಂಡು ಹೋಗಿ ತಪ್ಪು ಒಪ್ಕೊಳ್ತೀನಿ."

ಕೆಂಪಸಿದ್ದಯ್ಯ ಟವೆಲ್ ಕೊಡವಿ ಎದ್ದ. ಈಗ ಮೀಸೆಯಡಿ ನಗು ಇಣುಕಿತು.

"ಬುಡಿ ಮೇಷ್ಟ್ರೇ. ಸುಸ್ತು, ಸಂಕಟ, ಸೊಂಟ್‌ನೋವು, ಎಲ್ಲಾಕೂ ನನ್ ಲೇಹ್ಯ ಆಯ್ತದೆ. ನಿಮ್ಗೆ ಬಂದಿರೋ ಕಾಯ್ಲೆಗೆ ಮಾತ್ರ ಮದ್ದು ಚಿಕ್ಕರಸಿನಕೆರೇಲೇ ಬೆಳ್ಯಾದು!"