ಕುಬಸದ ಸೀರೆ, ದಾರಿಯ ಡಬ್ಬಿ

ಬನಹಟ್ಟಿಯ ಮಲ್ಲಿನಾಥ ಹುಟ್ಟಿದ್ದೇ ಮಗ್ಗದ ಸದ್ದಿನಲ್ಲಿ. ಲಾಳಿ ಎಡಕ್ಕೆ ಹೋಗಿ ಬಲಕ್ಕೆ ಬರುವುದನ್ನು ನೋಡುತ್ತ ಬೆಳೆದವನಿಗೆ ಮೂರು ದಾರಿ ಕೂಡುವ ಜಾಗಕ್ಕೆ ಬಂದರೆ ಬೆವರು ಕಿತ್ತುಕೊಳ್ಳುತ್ತಿತ್ತು. ನಾದಿನಿ ವೈಶಾಲಿಯ ಮದುವೆಗೆಂದು ಬಾಡಗಂಡಿಗೆ ಕಾರು ಹೊರಡಿಸಿದವನು ಮುಟ್ಟುವ ಹೊತ್ತಿಗೆ ಅಲ್ಲಿ ಪಾತ್ರೆ ತಿಕ್ಕುತ್ತಿದ್ದರು.

ಈಗ ಅದೇ ವೈಶಾಲಿಯ ಕುಬಸ, ಬಾಡಗಂಡಿಯ ಗಂಡನ ಮನೆಯಲ್ಲಿ. ಬಸುರಿಗೆ ತವರಿನವರ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಸೀರೆ ಇನ್ನೂ ಮಲ್ಲಿನಾಥನ ಮಗ್ಗದ ಮೇಲಿತ್ತು. ಅವನ ಹೆಂಡತಿ ದಾನಮ್ಮ ಮುಂಚಿತವಾಗಿ ಬಸ್ಸಿಗೆ ಹೊರಟಳು.

"ನಾಳೆ ಮಧ್ಯಾಹ್ನದೊಳಗ ಸೀರಿ ಬರಬೇಕ್ರಿ. ಈ ಸಲಾನೂ ತಪ್ಪಿದ್ರ ನಮ್ಮ ಮಂದ್ಯಾಗ ನಾ ಮುಖ ಎತ್ತೂದು ಹೆಂಗ? ಮನಿ ಬೀರಪ್ಪನ ಗುಡಿ ಹಿಂದ, ನೆನಪಿರ್ಲಿ!"

ಮಲ್ಲಿನಾಥ ಹೆದರಿ ಜಮಖಂಡಿಗೆ ಹೋದ, ದಾರಿ ಹೇಳುವ ಜಿಪಿಎಸ್ ಡಬ್ಬಿ ಕೊಳ್ಳಲು. ನೆರೆಮನೆಯ ಅಣ್ಣಾಸಾಹೇಬ ಮತ್ತು ಅವನ ಹೆಂಡತಿ ಕಸ್ತೂರೆವ್ವ ಕರೆಯದೆಯೇ ಕಾರು ಹತ್ತಿದ್ದರು.

"ಫೋನಿನಾಗ ನಕ್ಷಾ ಇರತೈತಲ್ಲೋ?" ಎಂದ ಅಣ್ಣಾಸಾಹೇಬ.

"ದಾನಮ್ಮನ ಫೋನ್ ಬಂತಂದ್ರ ನಕ್ಷಾ ಓಡಿಹೋಗತೈತಿ. ಅದು ಹೊಳ್ಳಿ ಬರೂದ್ರಾಗ ನಾ ಮುಧೋಳ ದಾಟಿರ್ತೀನಿ."

ಅಂಗಡಿಯವನು ಮೂರು ಡಬ್ಬಿ ಇಟ್ಟ. ದೊಡ್ಡ ಪರದೆಯದನ್ನು ಅಣ್ಣಾಸಾಹೇಬ ಸರಿಸಿದ: "ಇದ್ರಾಗ ಧಾರಾವಾಹಿ ನೋಡ್ತೀಯೇನು?" ಇಂಟರ್‌ನೆಟ್ ಬೇಡದ, ನಕ್ಷೆ ಒಳಗೇ ಇರುವ ಸಣ್ಣದನ್ನು ಎತ್ತಿದ. ಕಸ್ತೂರೆವ್ವ ತೀರ್ಪು ಕೊಟ್ಟಳು: "ಹೆಣ್ಣಿನ ಧ್ವನಿ ಇಟ್ಟುಕೋರಿ ಮಲ್ಲಿನಾಥಣ್ಣಾ. ಹೆಂಗೂ ಕೇಳಿ ರೂಢಿ ಐತಿ."

ಮಲ್ಲಿನಾಥ ರಾತ್ರಿಯಿಡೀ ನೇಯ್ದು ಸೀರೆ ಮುಗಿಸಿದ. ಮರುದಿನ ಬೆಳಿಗ್ಗೆ ಅಣ್ಣಾಸಾಹೇಬನೇ ಡಬ್ಬಿಯಲ್ಲಿ 'ಬೀರೇಶ್ವರ ಗುಡಿ' ಎಂದು ಬೀರಪ್ಪನ ಪೂರ್ತಿ ಹೆಸರಿನಲ್ಲಿ ಹುಡುಕಿದ. ಅದೇ ಹೆಸರು ಸಾಲುಸಾಲಾಗಿ ಬಂತು.

"ಇದ್ರಾಗ ಯಾವುದೋ?" ಮಲ್ಲಿನಾಥ ಕೇಳಿದ.

"ಮ್ಯಾಲಿಂದ ಒತ್ತು. ದೇವರಾಗ ಏನು ಆರಿಸ್ತೀಲೇ?"

ಒತ್ತಿ ಒಬ್ಬನೇ ಹೊರಟ. ಡಬ್ಬಿಯ ಹೆಣ್ಣು ಹೆಂಡತಿಯಂತಲ್ಲದೆ ಮೆತ್ತಗೆ ಮಾತಾಡಿದಳು. ಅವಳ ಮಾತಿಗೆ ಅಡ್ಡಿಯಾಗದಿರಲಿ ಎಂದು ಮಲ್ಲಿನಾಥ ಫೋನು ಬಂದ್ ಮಾಡಿದ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಡೆದಾಡುವ ಗೋಡೆಯಂತೆ ಮುಂದೆ ಹೊರಟಿದ್ದರಿಂದ ಊರಿನ ಫಲಕ ಒಂದೂ ಕಾಣಲಿಲ್ಲ. ಎಲ್ಲಿಂದಲೋ ಬೆಲ್ಲ ಕುದಿಯುವ ಪರಿಮಳ ಬಂತು. ಬಾಡಗಂಡಿ ಸಕ್ಕರೆ ಕಾರ್ಖಾನೆಯದೇ ಇರಬೇಕು! ಇಷ್ಟು ಲಗೂ! ಗುಡಿಯ ಶಿಖರ ಕಂಡಾಗ ಅವನು ಡಬ್ಬಿಗೆ ಕೈ ಮುಗಿದ.

ಗುಡಿಯ ಹಿಂದೆ ಚಪ್ಪರ, ಒಳಗೆ ಸೋಬಾನೆ. "ಸೀರಿ ಬಂತೇನ್ರಿ?" ಎಂದು ಹೆಂಗಸೊಬ್ಬಳು ಓಡಿ ಬಂದಳು.

"ಬಂತ್ರಿ! ದಾನಮ್ಮ ಎಲ್ಲಿ?"

"ಆಕಿ ಇಲ್ದ ಕಾರ್ಯ ಆಗತೈತೇನ್ರಿ? ಒಳಗ ಹೋಳಿಗಿ ಬೇಸಾಕತ್ತಾಳ." ಸೀರೆ ಅವಳ ಕೈಗೆ ಹೋಗಿಯೇ ಬಿಟ್ಟಿತು.

ಹೆಗಲ ಮೇಲೆ ಕಂಬಳಿ ಹೊದ್ದ ಯಜಮಾನ ಗಿರಮಲ್ಲಪ್ಪ ನೀರು-ಬೆಲ್ಲ ತಂದಿಟ್ಟ. "ಯಾರು, ಏನು ಆಮ್ಯಾಲ ಕೇಳೂಣು. ಮೊದಲ ದಣಿವಾರಿಸ್ಕೋರಿ." ಬೀಗರ ಕಡೆಯ ಹಿರಿಯರಿರಬೇಕು ಅಂದುಕೊಂಡ ಮಲ್ಲಿನಾಥ. ಮದುವೆಯಲ್ಲಿ ಯಾರನ್ನು ನೋಡಿದ್ದ?

ಹಸಿರು ಸೀರೆ ಉಟ್ಟ ಬಸುರಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದಳು. ಉಡಿ ತುಂಬಿದರು. ನಾದಿನಿಯ ಮುಖ ದಿಟ್ಟಿಸುವುದು ಸರಿಯಲ್ಲವೆಂದು ಮಲ್ಲಿನಾಥ ಅವಳ ಕಾಲುಂಗುರ ನೋಡುತ್ತಲೇ ಆಶೀರ್ವಾದ ಮಾಡಿದ. ಮೂರನೆಯ ಹೋಳಿಗೆಗೆ ತುಪ್ಪ ಬಿದ್ದಾಗ ಅವನ ಎದೆಯುಬ್ಬಿತು.

"ದಾನಮ್ಮನ್ನ ಕರೀರಿ. ನಾ ಟೈಮಿಗೆ ಬಂದಿದ್ದು ಕಣ್ಣಾರೆ ನೋಡ್ಲಿ."

ಹಲ್ಲಿಲ್ಲದ ಮುದುಕಿಯೊಬ್ಬಳು ಲಟ್ಟಣಿಗೆ ಹಿಡಿದು ಬಂದಳು. "ನಾನ ದಾನಮ್ಮ. ನೀ ಯಾರಪಾ?"

ಮಲ್ಲಿನಾಥ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದ. "ಇದು ಬಾಡಗಂಡಿ ಅಲ್ಲೇನ್ರಿ?"

"ಹುನ್ನೂರ್ರೀ!" ಚಪ್ಪರಕ್ಕೆ ಚಪ್ಪರವೇ ಹೇಳಿತು.

ಗಿರಮಲ್ಲಪ್ಪನಿಗೆ ಎಲ್ಲ ತಿಳಿಯಿತು. "ಸೊಸಿ ಅಣ್ಣ ಗುರುಪಾದ ಬೀಳಗಿಯಿಂದ ಸೀರಿ ತರಬೇಕಿತ್ತ್ರಿ. ಎಂದೂ ಟೈಮಿಗೆ ಬರಾಂವಲ್ಲ. ನೀವೂ ಅವರ ಮಂದಿ ಅಂತ ತಿಳದ್ವಿ. ಬೀರಪ್ಪನ ಕಳಸಿದಾನ ನಿಮ್ಮನ್ನ!" ಸೀರೆ ಬಿಚ್ಚಿಸಿ ಕೊಡಬೇಕೇ ಎಂಬಂತೆ ಅವನು ಸೊಸೆಯತ್ತ, ಮಲ್ಲಿನಾಥನತ್ತ ನೋಡಿದ.

"ಉಡಿ ತುಂಬಿದ ಸೀರಿ, ಇರ್ಲಿ ಬಿಡ್ರಿ," ಎಂದ ಮಲ್ಲಿನಾಥ.

ಗಿರಮಲ್ಲಪ್ಪ ತನ್ನ ಕಂಬಳಿ ತೆಗೆದು ಅವನಿಗೆ ಹೊದಿಸಿದ. "ನಿಮ್ಮಂಥಾವ್ರೊಬ್ರು ನಮಗ ಬೀಗರಾಗಿ ಸಿಗಬೇಕಿತ್ತ್ರಿ." ಎಲ್ಲಿಗಾದರೂ ಹೋಗಿ ಮುಟ್ಟಿದ್ದಕ್ಕೆ ಮಲ್ಲಿನಾಥನನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು. ಕಣ್ಣು ತುಂಬಿ ಬಂತು. ಆದರೆ ಬಾಡಗಂಡಿಯಲ್ಲಿ ವೈಶಾಲಿ ಸೀರೆಯ ದಾರಿ ಕಾಯುತ್ತ ಕೂತಿರಬೇಕು. ಅವನು ಫೋನು ಚಾಲೂ ಮಾಡಿ ಹೆಂಡತಿಗೆ ಹಚ್ಚಿದ.

ದಾನಮ್ಮ ಬೈಯಲಿಲ್ಲ. ಅವಳ ದನಿಯಲ್ಲಿ ಸಕ್ಕರೆ ಇತ್ತು. "ಗಾಬರಿ ಆಗಬ್ಯಾಡ್ರಿ, ಕುಬಸ ಛಲೋತ್ನಾಗಿ ಆತು."

"ಸೀರಿ?"

"ಗುರುಪಾದ ಅಂತ ಪುಣ್ಯಾತ್ಮ, ಹುನ್ನೂರಿಗೆ ಹೊಂಟಾವ್ರು, ಅದ್ಯಾವುದೋ ದಾರಿ ಹೇಳೂ ಡಬ್ಬಿ ನಂಬಿ ಇಲ್ಲಿ ಬಂದ್ರು. ಹಸಿರು ಸೀರಿ ಕಂಡಕೂಡ್ಲೇ ನೀವ ಕಳಿಸೀರಿ ಅಂತ ನಮ್ಮ ಮಂದಿ ಉಡಿಸೇ ಬಿಟ್ರು. ಪಾಪ, ಒಂದು ಮಾತು ಅನಲಿಲ್ಲ. ಎಲ್ಲಾರೂ ಅವರ ಕಾಲಿಗೆ ಬೀಳೂದೊಂದ ಬಾಕಿ."

ಮಲ್ಲಿನಾಥ ಉಸಿರು ಬಿಟ್ಟ. "ಹಂಗಾರ ಎಲ್ಲಾ ಸರಿ ಆತಲ್ಲ!"

"ಆತ್ರಿ. ಮುಂದ ಕೂಸಿನ ತೊಟ್ಟಿಲ ಕಾರ್ಯ ಬರತೈತಿ. ಹಿರ್ಯಾರೆಲ್ಲ ಕೂಡಿ ಮಾತಾಡ್ಯಾರ. ತೊಟ್ಟಿಲ ಸೀರಿ ನೀವು ನೇದು ಗುರುಪಾದ ಅವರ ಕೈಯಾಗ ಕೊಡ್ರಿ. ಅವರು ದಾರಿ ತಪ್ಪಿದ್ರೂ ಟೈಮಿಗೆ ಬರ್ತಾರ."